ಗುರುವಾರ ಸಂಜೆ ತಾಲೀಮು

ದೀಪಾವಳಿಗೆ ಧಾರವಾಡಕ್ಕೆ ಹೋದಾಗ ಅಣ್ಣನ ಮನೆಯ ಪಡಸಾಲೆಯಲ್ಲಿ ತಂಬೂರಿ ಕಾಣಲಿಲ್ಲ. ಹನ್ನೊಂದು ವರ್ಷ ಅದು ದೇವರ ಕೋಣೆಯ ಬಾಗಿಲ ಪಕ್ಕದ ಮೂಲೆ ಬಿಟ್ಟು ಕದಲಿರಲಿಲ್ಲ. ಎಲ್ಲಿ ಅಂತ ಕೇಳಿದರೆ ವೈನಿ ಅಟ್ಟದ ಕಡೆ ಕೈ ಮಾಡಿದರು. ಹಳೆಯ ಚಾದರ ಸುತ್ತಿ, ಸುತಳಿ ಬಿಗಿದು, ತಾಮ್ರದ ಹಂಡೆಗಳ ಹಿಂದೆ ಮಲಗಿಸಿದ್ದರು.

“ಸಾಯನ್ಸ್ ತೊಗೊಂಡಾಳಲ್ಲೋ. ಇನ್ನ ಎರಡ ವರ್ಷ ಹಾಡು ಗೀಡು ಎಲ್ಲಾ ಬಂದ್,” ಅಂದ ಅಣ್ಣ.

ಹುಡುಗಿ, ಅಣ್ಣನ ಮಗಳು, ಐದನೇ ವಯಸ್ಸಿನಿಂದ ಹಾಡುತ್ತಿದ್ದವಳು. ಈ ವರ್ಷ ಪಿಯುಸಿ. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟರೆ ಕಾಲೇಜು, ಕೋಚಿಂಗು ಮುಗಿಸಿ ಬರುವುದು ರಾತ್ರಿ ಎಂಟಕ್ಕೆ. ಊಟಕ್ಕೆ ಕೂತಾಗ, “ಭೀಮಪಲಾಸ ರಾಗ ಎಲ್ಲೀ ತನಕ ಬಂತವ್ವಾ?” ಅಂತ ಕೇಳಿದೆ. “ಬಿಟ್ಟೇನಿ ಕಾಕಾ,” ಅಂದಳು. ಹೋಳಿಗೆ ಮುರಿಯುತ್ತಿದ್ದ ಕೈ ನಿಲ್ಲಲೂ ಇಲ್ಲ. ಅತ್ತಿದ್ದರೆ, ಅಪ್ಪನ ಮೇಲೆ ಸಿಟ್ಟು ಮಾಡಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ಹಾಲುಹಲ್ಲು ಬಿದ್ದ ಸುದ್ದಿ ಹೇಳುವ ಹಾಗೆ ಹೇಳಿದಳು. ಆ ವಯಸ್ಸಿಗೆ ಆಗಬೇಕಾದದ್ದು ಆಯಿತು, ಅಷ್ಟೇ.

ನಾನು ಪುಣೆಗೆ ಬಂದು ಹತ್ತೊಂಬತ್ತು ವರ್ಷ. ಅವ್ವ ನನ್ನ ಜೊತೆಗೇ ಇದ್ದಾಳೆ. ಹಬ್ಬ ಮುಗಿಸಿ ವಾಪಸು ಬಂದ ವಾರ ಅವಳ ಮೊಣಕಾಲು ನೋವು ಜಾಸ್ತಿಯಾಯಿತು. ನೆರೆಮನೆಯವರು ಹೇಳಿದ ಕೋಥರೂಡಿನ ಎಲುಬಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಬಾಗಿಲಿಗೆ ಮರಾಠಿಯಲ್ಲಿ ಬರೆದ ಒಂದು ಕಾಗದ ಅಂಟಿಸಿದ್ದರು: ಗುರುವಾರ ಸಂಜೆ ದವಾಖಾನೆ ಇರುವುದಿಲ್ಲ, ನಾಟಕದ ತಾಲೀಮು ಇದೆ.

ಅದನ್ನು ಎರಡು ಸಲ ಓದಿದೆ. ನಮ್ಮೂರಲ್ಲಾಗಿದ್ದರೆ ‘ಅನಿವಾರ್ಯ ಕಾರಣದಿಂದ’ ಅಂತಿರುತ್ತಿತ್ತು. ಡಾಕ್ಟರು ನಾಟಕ ಆಡುತ್ತಾರೆ ಅಂದರೆ ಪೇಷಂಟು ಬೇರೆ ಡಾಕ್ಟರನ್ನು ಹುಡುಕಿಕೊಂಡಾರು ಅನ್ನುವ ಹೆದರಿಕೆ ಇರುತ್ತಿತ್ತು. ಇಲ್ಲಿ ಪಾಳಿಗೆ ಕೂತಿದ್ದ ಒಬ್ಬ ಅಜ್ಜಿ ಕಂಪೌಂಡರನನ್ನು ಕೇಳಿದ್ದು ಪ್ರಯೋಗ ಯಾವತ್ತು, ಟಿಕೀಟು ಎಲ್ಲಿ ಸಿಗುತ್ತದೆ ಅಂತ.

ಡಾಕ್ಟರು ಅವ್ವನನ್ನು ಮಂಚದ ಮೇಲೆ ಮಲಗಿಸುವ ಮುಂಚೆ ಎರಡು ಸಲ ಕುರ್ಚಿಯಿಂದ ಎದ್ದು ಕೂರಲು ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, “ಏಳುವ ಮೊದಲು ನಿಮ್ಮ ತಾಯಿ ಬಲಗೈಗೆ ಆಸರೆ ಹುಡುಕುತ್ತಾರೆ, ನೋಡಿದಿರಾ? ಇವರು ಈಚೆಗೆ ಎಲ್ಲೋ ಬಿದ್ದಿದ್ದಾರೆ. ನಿಮಗೆ ಹೇಳಿಲ್ಲ,” ಅಂದರು. ಅವ್ವನನ್ನು ಕೇಳಿದೆ. ಹದಿನೈದು ದಿನದ ಹಿಂದೆ ಬಚ್ಚಲಲ್ಲಿ ಜಾರಿದ್ದಳು. ಮಗ ಗಾಬರಿಯಾಗುತ್ತಾನೆ ಅಂತ ಬಾಯಿ ಬಿಟ್ಟಿರಲಿಲ್ಲ. ಅವ್ವನಿಗೆ ಮರಾಠಿ ಬರುವುದಿಲ್ಲ, ಡಾಕ್ಟರಿಗೆ ಕನ್ನಡ ಬರುವುದಿಲ್ಲ. ಹೇಗೆ ಗೊತ್ತಾಯಿತು ಅಂತ ಕೇಳಿದರೆ, ಹೋದ ವರ್ಷ ಒಂದು ನಾಟಕದಲ್ಲಿ ಎಂಬತ್ತರ ಮುದುಕನ ಪಾತ್ರ ಮಾಡಿದ್ದೆ, ಕುರ್ಚಿಯಿಂದ ಏಳುವುದನ್ನು ಕಲಿಯುವುದಕ್ಕೇ ಮೂರು ವಾರ ಹಿಡಿಯಿತು ಅಂದರು. “ಎಕ್ಸ್‌ರೇಯಲ್ಲಿ ಮೊಣಕಾಲು ಕಾಣುತ್ತದೆ, ಹೆದರಿಕೆ ಕಾಣುವುದಿಲ್ಲ.”

ಈ ಊರಿಗೆ ಇದು ಹೊಸದಲ್ಲ. ಮರಾಠಿ ರಂಗಭೂಮಿಯ ನಟ ಶ್ರೀರಾಮ ಲಾಗೂ ಕಿವಿ-ಮೂಗು-ಗಂಟಲಿನ ಸರ್ಜನ್. 1972ರಲ್ಲಿ ‘ಘಾಶೀರಾಮ್ ಕೋತ್ವಾಲ್’ ನಾಟಕ ಪುಣೆಯ ರಂಗಕ್ಕೆ ಬಂದಾಗ ಅದನ್ನು ನಿರ್ದೇಶಿಸಿದ ಜಬ್ಬಾರ್ ಪಟೇಲ್ ಮಕ್ಕಳ ಡಾಕ್ಟರು. ಅದರಲ್ಲಿ ಪೇಶ್ವೆಗಳ ಮಂತ್ರಿ ನಾನಾ ಫಡ್ನವೀಸನ ಪಾತ್ರ ಮಾಡಿದ ಮೋಹನ್ ಆಗಾಶೆ ಮುಂದೆ ಮನೋವೈದ್ಯಶಾಸ್ತ್ರದ ಪ್ರಾಧ್ಯಾಪಕರಾದವರು. ಮೂವರೂ ಓದಿದ್ದು ಇಲ್ಲಿನ ಬಿ.ಜೆ. ಮೆಡಿಕಲ್ ಕಾಲೇಜಿನಲ್ಲಿ. ವರ್ಷಾ ವರ್ಷಾ ಪುರುಷೋತ್ತಮ ಕರಂಡಕ ಅನ್ನುವ ಕಾಲೇಜು ಏಕಾಂಕ ಸ್ಪರ್ಧೆ ನಡೆಯುತ್ತದೆ, 1963ರಿಂದ. ಭರತ ನಾಟ್ಯ ಮಂದಿರದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆಡುವವರಲ್ಲಿ ಇಂಜಿನಿಯರಿಂಗ್ ಹುಡುಗರು, ಮೆಡಿಕಲ್ ಹುಡುಗಿಯರು ಬೇಕಾದಷ್ಟು ಮಂದಿ. “ಅರೇ, ಆವಾಜ್ ಕುಣಾಚಾ”, ಅಂದರೆ ದನಿ ಯಾರದು, ಅಂತ ಒಬ್ಬ ಕೂಗಿದರೆ ಇಡೀ ಕಾಲೇಜು ತನ್ನ ಹೆಸರು ಕೂಗುತ್ತದೆ. ಮೊದಲ ಸಲ ನೋಡಿದಾಗ ಕ್ರಿಕೆಟ್ ಮ್ಯಾಚಿಗೆ ಬಂದೆನೇನೋ ಅನ್ನಿಸಿತ್ತು.

ಪಕ್ಕದಲ್ಲೇ ವಿಶ್ವವಿದ್ಯಾಲಯದ ಆವರಣದಲ್ಲಿ ಐಯುಕಾ ಇದೆ. ಖಗೋಳ ವಿಜ್ಞಾನಿ ಜಯಂತ ನಾರಳೀಕರ್ 1988ರಲ್ಲಿ ಕಟ್ಟಿದ ಖಗೋಳ ಸಂಶೋಧನಾ ಸಂಸ್ಥೆ. ಅವರು ಮರಾಠಿಯಲ್ಲಿ ಮೊದಲ ವಿಜ್ಞಾನ ಕಥೆಯನ್ನು ಸ್ಪರ್ಧೆಗೆ ಕಳಿಸಿದ್ದು 1974ರಲ್ಲಿ, ತಮ್ಮ ಹೆಸರಿನ ಮೊದಲಕ್ಷರಗಳನ್ನು ತಿರುವಿ ಹಾಕಿ, ನಾರಾಯಣ ವಿನಾಯಕ ಜಗತಾಪ ಅನ್ನುವ ಹೆಸರಲ್ಲಿ. ದೊಡ್ಡ ವಿಜ್ಞಾನಿ ಅನ್ನುವ ದಾಕ್ಷಿಣ್ಯಕ್ಕೆ ಬಹುಮಾನ ಬರುವುದು ಬೇಡವಾಗಿತ್ತು. ಬಹುಮಾನ ಬಂತು. 2021ರ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಐಯುಕಾದಲ್ಲಿ ಮಕ್ಕಳಿಗಾಗಿ ಒಂದು ವಿಜ್ಞಾನ ಕೇಂದ್ರವಿದೆ. ಅದರ ಕಟ್ಟಡಕ್ಕೆ ಹಣ ಬಂದದ್ದು ಪು.ಲ. ದೇಶಪಾಂಡೆಯವರ ಮನೆಯಿಂದ. ನಗೆಬರಹಗಾರ, ನಟ, ಹಾರ್ಮೋನಿಯಂ ನುಡಿಸುತ್ತಿದ್ದವರು, ಒಂದು ಕಾಲಕ್ಕೆ ನಮ್ಮ ಬೆಳಗಾವಿಯ ಕಾಲೇಜಿನಲ್ಲಿ ಪಾಠ ಹೇಳಿದವರು. ಕಟ್ಟಡದ ಹೆಸರು ಪುಲಸ್ತ್ಯ. ಸಪ್ತರ್ಷಿ ಮಂಡಲದ ಒಂದು ನಕ್ಷತ್ರದ ಹೆಸರೂ ಆಯಿತು, ಪು.ಲ. ಅನ್ನುವ ಹೆಸರೂ ಒಳಗೆ ಬಂತು. ಅಲ್ಲಿ ಹಳೆಯ ಪೆನ್ ರೀಫಿಲ್ಲು, ಸೈಕಲ್ ಟ್ಯೂಬಿನಿಂದ ಆಟಿಕೆ ಮಾಡುವ ಮಕ್ಕಳನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆಕಿಚ್ಚಾಗುತ್ತದೆ.

ನಮ್ಮಲ್ಲಿ ಇಂಥವರಿಲ್ಲವೇ ಅಂತ ಕೇಳುತ್ತೀರಿ. ಇದ್ದರು, ಇದ್ದಾರೆ. ಕಾರಂತರು ಕಾಲೇಜು ಬಿಟ್ಟು ಹೊರಬಂದು ಯಕ್ಷಗಾನ, ಕಾದಂಬರಿ, ಮಕ್ಕಳಿಗೆ ‘ಬಾಲ ಪ್ರಪಂಚ’, ದೊಡ್ಡವರಿಗೆ ‘ವಿಜ್ಞಾನ ಪ್ರಪಂಚ’ ಅಂತ ಒಬ್ಬರೇ ಒಂದು ವಿಶ್ವವಿದ್ಯಾಲಯದಷ್ಟು ಕೆಲಸ ಮಾಡಿದರು. ಬಿ.ಜಿ.ಎಲ್. ಸ್ವಾಮಿ ಮದರಾಸಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತ ಬರೆದ ‘ಹಸುರು ಹೊನ್ನು’ವಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಬಂತು. ಅಣುವಿಜ್ಞಾನಿ ರಾಜಾ ರಾಮಣ್ಣ ಪಿಯಾನೋ ನುಡಿಸುತ್ತಿದ್ದರು. ಆದರೆ ನಾವು ಇವರನ್ನೆಲ್ಲ ಏನು ಮಾಡಿದೆವು? ನಡೆದಾಡುವ ವಿಶ್ವಕೋಶ ಅಂದೆವು, ಹಾರ ಹಾಕಿದೆವು, ಗೋಡೆಯ ಮೇಲೆ ಚಿತ್ರ ಬರೆಸಿದೆವು. ಅವರು ದೈವಾಂಶ, ನಾವು ಹುಲುಮಾನವರು ಅಂದುಕೊಂಡು ಮಕ್ಕಳ ತಂಬೂರಿಯನ್ನು ಅಟ್ಟಕ್ಕೆ ಹಾಕಿದೆವು. ಪುಣೆಯವರು ಇದಕ್ಕೆ ಪವಾಡ ಅನ್ನುವುದಿಲ್ಲ. ಗುರುವಾರ ಸಂಜೆಯ ತಾಲೀಮು ಅನ್ನುತ್ತಾರೆ. ವ್ಯತ್ಯಾಸ ಇಷ್ಟೇ ಇದೆ, ಮತ್ತು ಇದು ಬಹಳ ದೊಡ್ಡದು.

“ಎರಡು ದೋಣಿಯಲ್ಲಿ ಕಾಲಿಡಬೇಡ” ಅಂತ ಅಣ್ಣ ಹೇಳುತ್ತಾನೆ. ನಮ್ಮಪ್ಪ ನನಗೂ ಇದನ್ನೇ ಹೇಳಿದ್ದ, ನಾನೂ ಕೇಳಿದೆ. ಹದಿನಾರಕ್ಕೆ ಚಿತ್ರ ಬರೆಯುವುದನ್ನು ಬಿಟ್ಟೆ. ಈಗ ಯಂತ್ರಗಳ ಡ್ರಾಯಿಂಗ್ ನೋಡುವುದೇ ನನ್ನ ಹೊಟ್ಟೆಪಾಡು. ಕೈಯಲ್ಲಿ ಬರೆಯಬಲ್ಲ ಹಳಬರು ಕಾಗದದ ಮೇಲೆ ನಾಲ್ಕು ಗೆರೆ ಎಳೆದು ತಪ್ಪು ಎಲ್ಲಿದೆ ಅಂತ ತೋರಿಸುವಾಗ ನಾನು ಸುಮ್ಮನೆ ನಿಂತಿರುತ್ತೇನೆ. ಒಂದು ಕಾಲಕ್ಕೆ ನನ್ನ ಕೈಗೂ ಅದು ಬರುತ್ತಿತ್ತು.

ಎರಡು ದೋಣಿಯ ಮಾತಿಗೆ ನನಗೆ ಹೊಳೆಯುವ ಉತ್ತರ ದಾಮೋದರ ಧರ್ಮಾನಂದ ಕೋಸಂಬಿ. ಗೋವೆಯಲ್ಲಿ ಹುಟ್ಟಿದವರು, ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತ ಕಲಿಸಿದರು. ಆಮೇಲೆ 1946ರಿಂದ ಮುಂಬೈಯ ಟಾಟಾ ಮೂಲವಿಜ್ಞಾನ ಸಂಶೋಧನಾ ಸಂಸ್ಥೆಗೆ ಪುಣೆಯಿಂದ ಡೆಕ್ಕನ್ ಕ್ವೀನ್ ರೈಲಿನಲ್ಲಿ ಓಡಾಡಿದರು. ಸಂಖ್ಯಾಶಾಸ್ತ್ರ ಕಲಿಯುವುದಕ್ಕೆ ಒಂದು ನಿಜವಾದ ಲೆಕ್ಕ ಬೇಕಿತ್ತು. ಹಳೆಯ ಬೆಳ್ಳಿ ನಾಣ್ಯ ತೂಗತೊಡಗಿದರು. ನಾಣ್ಯ ಕೈಯಿಂದ ಕೈಗೆ ದಾಟಿದಷ್ಟೂ ಸವೆಯುತ್ತದೆ, ತೂಕ ಇಳಿಯುತ್ತದೆ. ಹೆಚ್ಚು ದಿನ ಚಲಾವಣೆಯಲ್ಲಿದ್ದ ನಾಣ್ಯಗಳ ತೂಕದಲ್ಲಿ ಏರುಪೇರೂ ಹೆಚ್ಚು. ಹಾಗಾದರೆ ಒಂದು ಹೂತಿಟ್ಟ ಗಡಿಗೆಯಲ್ಲಿ ಸಿಕ್ಕ ನಾಣ್ಯಗಳನ್ನು ಸೂಕ್ಷ್ಮ ತಕ್ಕಡಿಯಲ್ಲಿ ತೂಗಿದರೆ ಯಾವುದು ಹಳೆಯದು, ಯಾವುದು ಹೊಸದು ಅಂತ ಸಾಲಾಗಿ ಜೋಡಿಸಬಹುದು. ಮೇಲಿನ ಮುದ್ರೆಯನ್ನಷ್ಟೇ ನೋಡುತ್ತಿದ್ದವರಿಗೆ ಇದು ಹೊಳೆಯುತ್ತಿರಲಿಲ್ಲ, ಬರೀ ಗಣಿತಜ್ಞರು ಆ ನಾಣ್ಯ ಮುಟ್ಟುತ್ತಿರಲಿಲ್ಲ. ಅದೇ ಮನುಷ್ಯ 1948ರಲ್ಲಿ ಸಂಸ್ಕೃತ ಕವಿ ಭರ್ತೃಹರಿಯ ಶತಕಗಳನ್ನು ಸಂಪಾದಿಸಿದರು. ಹಸ್ತಪ್ರತಿಗಳನ್ನು ಹೋಲಿಸಿ, ಕವಿಯದು ಯಾವುದು, ಆಮೇಲೆ ಬಂದು ಸೇರಿದ್ದು ಯಾವುದು ಅಂತ ಬೇರ್ಪಡಿಸುವ ಕೆಲಸ. ನಾಣ್ಯವೂ ಶ್ಲೋಕವೂ ಜನರ ಕೈಯಲ್ಲಿ, ಬಾಯಲ್ಲಿ ಓಡಾಡಿ ಬದಲಾಗುವಂಥವೇ ಅಲ್ಲವೇ. 1944ರಲ್ಲಿ ವರ್ಣತಂತುವಿನ ಮೇಲೆ ಜೀನುಗಳ ದೂರ ಲೆಕ್ಕ ಹಾಕಲು ಅವರು ಕೊಟ್ಟ ಸೂತ್ರವನ್ನು ತಳಿವಿಜ್ಞಾನಿಗಳು ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ. ದೋಣಿ ಎರಡಲ್ಲ ಅಂತ ನನಗೆ ಅನ್ನಿಸುವುದು ಇದಕ್ಕೇ. ಹೊಳೆ ಒಂದೇ.

ಈ ಕೋಪದಲ್ಲೇ ಒಂದು ರಾತ್ರಿ ಹುಡುಗಿಗೆ ಫೋನ್ ಮಾಡಿದೆ. ನಿನ್ನ ಫಿಸಿಕ್ಸ್ ಪುಸ್ತಕದಲ್ಲಿ ಅಲೆಗಳ ಪಾಠ ತೆಗಿ ಅಂದೆ. ಎರಡೂ ಕಡೆ ಬಿಗಿದ ತಂತಿ, ಅದರಲ್ಲಿ ಮೂಲ ಸ್ವರದ ಜೊತೆಗೆ ಹುಟ್ಟುವ ಉಪಸ್ವರಗಳು, ಅಂದರೆ ಹಾರ್ಮೋನಿಕ್ಸ್. ತಂತಿಯ ಯಾವ ಬಿಂದು ಒಂದು ಹಾರ್ಮೋನಿಕ್ಸಿಗೆ ಅಲುಗದೆ ನಿಲ್ಲುತ್ತದೋ, ಸರಿಯಾಗಿ ಅಲ್ಲೇ ಮೀಟಿದರೆ ಆ ಸ್ವರ ಹುಟ್ಟಬಾರದು. ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಹೇಳಿದ ನಿಯಮ. ಸರ್ ಸಿ.ವಿ. ರಾಮನ್ ಕೋಲ್ಕತ್ತೆಯಲ್ಲಿದ್ದಾಗ ತಂಬೂರಿ, ವೀಣೆಗಳನ್ನು ಪರೀಕ್ಷೆ ಮಾಡಿ 1921ರಲ್ಲಿ ಬರೆದರು: ನಮ್ಮ ವಾದ್ಯಗಳು ಆ ನಿಯಮವನ್ನು ಪಾಲಿಸುವುದಿಲ್ಲ. ಹುಟ್ಟಬಾರದ ಸ್ವರ ಜೋರಾಗಿ ಕೇಳುತ್ತದೆ. ಕಾರಣ ಕುದುರೆ, ಅಂದರೆ ತಂತಿ ಯಾವುದರ ಮೇಲೆ ಹಾಯುತ್ತದೋ ಆ ಪಟ್ಟಿ. ಅದು ಚೂಪಲ್ಲ, ಅಗಲವಾಗಿ ಬಾಗಿದೆ. ತಂತಿ ಅಲುಗುವಾಗ ಅದನ್ನು ತಾಗುತ್ತಾ ಬಿಡುತ್ತಾ ಇರುತ್ತದೆ. ತಂಬೂರಿಯಲ್ಲಿ ಅದಕ್ಕೇ ತಂತಿಯ ಕೆಳಗೆ ಒಂದು ಎಳೆ ದಾರ ಸೇರಿಸುತ್ತಾರೆ. ನೀನು ಹನ್ನೊಂದು ವರ್ಷ ದಿನಾ ಸರಿಮಾಡುತ್ತಿದ್ದ ದಾರ ಅದೇ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. “ಕಾಕಾ, ಇದು ನೀಟ್‌ಗೆ ಬರತದೇನು?” ಅಂತ ಕೇಳಿದಳು. ನಾನು ಇಲ್ಲ ಅಂದೆ. ಸುಳ್ಳು ಹೇಳಲು ಆಗಲಿಲ್ಲ.

ಅಣ್ಣ ಫೋನ್ ಇಸಿದುಕೊಂಡ. ಸಿಟ್ಟಾಗಲಿಲ್ಲ, ಮೆತ್ತಗೆ ಮಾತಾಡಿದ. “ನಿಂದು ಖರೇ ಅದನೋ. ಆದ್ರ ಸರಕಾರಿ ಸೀಟು ಸಿಗಲಿಲ್ಲಂದ್ರ ನಾ ಎಲ್ಲಿಂದ ತರಲಿ? ನಿಮ್ಮ ಡಾಕ್ಟರಿಗೆ ಅವರ ಅಪ್ಪ ದವಾಖಾನಿ ಬಿಟ್ಟ ಹೋಗಿರಬೇಕು.” ಹೌದು, ಬಿಟ್ಟು ಹೋಗಿದ್ದಾರೆ. ಕೋಥರೂಡಿನ ಆ ದವಾಖಾನೆಗೆ ಬಾಡಿಗೆ ಇಲ್ಲ, ಗುರುವಾರ ಬಾಗಿಲು ಹಾಕಿದರೆ ಒಲೆ ಆರುವುದಿಲ್ಲ. ಅಣ್ಣನ ಸ್ಟೇಷನರಿ ಅಂಗಡಿ ಒಂದು ಸಂಜೆ ಮುಚ್ಚಿದರೆ ಆ ವಾರದ ಸಾಲದ ಕಂತು ತಪ್ಪುತ್ತದೆ. ಇದನ್ನು ನಾನು ಇಷ್ಟು ಹೊತ್ತೂ ಹೇಳಲಿಲ್ಲ, ಹೇಳಲು ಮನಸ್ಸಿರಲಿಲ್ಲ.

ಪುಣೆಯಲ್ಲೂ ಎಲ್ಲ ಮನೆಯಲ್ಲಿ ತಬಲಾ ಬಾರಿಸುತ್ತಿಲ್ಲ. ನನ್ನ ಕೆಳಗಿನ ಮನೆಯ ಹುಡುಗ ಹನ್ನೊಂದನೇ ಇಯತ್ತೆಗೆ ಬಂದ ದಿನವೇ ತಬಲಾ ಕ್ಲಾಸು ನಿಂತಿತು. ಲಾತೂರಿನ ಕೋಚಿಂಗಿಗೆ ಮಕ್ಕಳನ್ನು ಕಳಿಸುವವರು ಈ ಊರಲ್ಲೂ ಇದ್ದಾರೆ. ಲಾಗೂ ಅವರು ಕೊನೆಗೆ ನಲವತ್ತು ದಾಟಿದ ಮೇಲೆ, 1969ರಲ್ಲಿ, ಡಾಕ್ಟರಿಕೆಯನ್ನೇ ಬಿಟ್ಟು ಪೂರ್ತಿ ರಂಗಕ್ಕೆ ಬಂದರು. ಕೋಸಂಬಿ ಕೂಡ ಬೆಲೆ ತೆತ್ತರು. ಗಣಿತದ ಬಲು ಕಠಿಣವಾದ ರೀಮಾನ್ ಊಹೆಯನ್ನು ಬಿಡಿಸಿದೆ ಅಂತ 1959ರಲ್ಲಿ ಕೃಷಿ ಸಂಖ್ಯಾಶಾಸ್ತ್ರದ ಪತ್ರಿಕೆಯಲ್ಲಿ ಬರೆದರು. ಆ ಸಾಧನೆ ಪರೀಕ್ಷೆಗೆ ನಿಲ್ಲಲಿಲ್ಲ. 1962ರಲ್ಲಿ ಟಾಟಾ ಸಂಸ್ಥೆಯ ಕೆಲಸವೂ ಮುಂದುವರಿಯಲಿಲ್ಲ. ಇನ್ನು ಪುಣೆಯವರು ಡಿಸೆಂಬರಿನ ಚಳಿಯಲ್ಲಿ ಶಾಲು ಹೊದ್ದು ಕೂತು ಕೇಳುವ ಸಂಗೀತೋತ್ಸವ ಇದೆಯಲ್ಲ, ಅದು ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಹೆಸರಲ್ಲಿ ಗದುಗಿನ ಭೀಮಸೇನ ಜೋಶಿ 1953ರಲ್ಲಿ ಶುರು ಮಾಡಿದ್ದು. ಕೇಳುವುದನ್ನು ಈ ಊರಿಗೆ ಕಲಿಸಿದವರಲ್ಲಿ ನಮ್ಮವರೂ ಇದ್ದರು.

ಅವ್ವನ ಮೊಣಕಾಲು ಈಗ ಪರವಾಗಿಲ್ಲ. ಹೋದ ಶನಿವಾರ ಡಾಕ್ಟರ ನಾಟಕಕ್ಕೆ ಕರೆದುಕೊಂಡು ಹೋಗಿದ್ದೆ. ಮಾತು ತಿಳಿಯದಿದ್ದರೂ ಮೂರು ಅಂಕ ಕೂತಳು. ಮನೆಗೆ ಬರುತ್ತ, “ಅವರು ನಕ್ಕಾಗ ಅಳು ಬಂತು ನೋಡು,” ಅಂದಳು.

ನಿನ್ನೆ ಹುಡುಗಿಯ ಫೋನ್ ಬಂತು, ರಾತ್ರಿ ಒಂಬತ್ತೂವರೆಗೆ. ದಾರ ನೋಡಬೇಕು ಅಂತ ಭಾನುವಾರ ಅಪ್ಪನಿಂದಲೇ ಅಟ್ಟದಿಂದ ತಂಬೂರಿ ಇಳಿಸಿದ್ದಾಳೆ. ದಾರ ಸರಿಸಿ, ಮೀಟಿ, ಮತ್ತೆ ಸರಿಸಿ, ಒಂದು ತಾಸು ಕೂತಳಂತೆ. ಷಡ್ಜದ ಒಂದು ತಂತಿ ತುಕ್ಕು ಹಿಡಿದು ಕಿತ್ತು ಬಂದಿದೆ. “ಧಾರವಾಡದಾಗ ಸಿಗತಾವ ಕಾಕಾ, ಆದ್ರ ಅಪ್ಪಾನ್ನ ಕೇಳಲಿಕ್ಕೆ ಮನಸ್ಸಿಲ್ಲ,” ಅಂದಳು.

ತಂಬೂರಿ ಮಾಡುವವರ ಊರು ಮಿರಜ, ನಮ್ಮ ರೈಲಿನ ದಾರಿಯಲ್ಲೇ ಬರುತ್ತದೆ. ಸಂಕ್ರಾಂತಿಗೆ ಹೋಗುವಾಗ ಅಲ್ಲಿ ಇಳಿದು, ಮುಂದಿನ ಗಾಡಿ ಹಿಡಿಯುತ್ತೇನೆ ಅಂತ ಹೇಳಿದ್ದೇನೆ.