ಹಾರ್ಲಿಕ್ಸ್ ಡಬ್ಬದ ಸಾಸಿವೆ

ನನ್ನ ಲ್ಯಾಪ್‌ಟಾಪ್ 2009ರದ್ದು, ಒಳಗೆ ಇಂಟೆಲ್ ಕಂಪನಿಯ ಕೋರ್ 2 ಡ್ಯುಯೊ ಚಿಪ್ಪು. ಹಾಸನಾಂಬೆ ಗುಡಿ ಬಾಗಿಲು ತೆಗೆಯುವುದನ್ನು ಊರೆಲ್ಲಾ ಕಾಯುತ್ತದಲ್ಲ, ಇದು ಆನ್ ಆಗುವುದನ್ನು ನಾನು ಹಾಗೇ ಕಾಯುತ್ತೇನೆ. ಒಳಗಿದ್ದದ್ದು ಒಂದಿಷ್ಟು ಮದುವೆ ಫೋಟೊ, ನನ್ನ ಹೆಂಡತಿಯ ಚೀಟಿ ಲೆಕ್ಕ ಮತ್ತು ಡೆಬಿಯನ್ 12 ಅನ್ನುವ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್.

ಡೆಬಿಯನ್ 13 ಬಂದದ್ದು 2025ರ ಆಗಸ್ಟಲ್ಲಿ. ಒಂದು ಭಾನುವಾರ, ಹೊರಗೆ ಜಡಿಮಳೆ, ಸರಿ ಹಾಕಿಬಿಡೋಣ ಅಂತ ಕೂತೆ. ಡೌನ್‌ಲೋಡ್ ಪುಟದಲ್ಲಿ ನೋಡಿದರೆ ನಾನು ಯಾವಾಗಲೂ ಇಳಿಸಿಕೊಳ್ಳುತ್ತಿದ್ದ 'ಐ386' ಮಂಗಮಾಯ. 32-ಬಿಟ್ ಪಿಸಿಗೆ, ಅಂದರೆ ಹಳೇ ತರಹದ ಚಿಪ್ಪಿಗೆ, ಇನ್‌ಸ್ಟಾಲರೂ ಇಲ್ಲ, ಸಿಸ್ಟಮ್ಮಿನ ತಿರುಳಾದ ಕರ್ನಲ್ಲೂ ಇಲ್ಲವಂತೆ. ಇದ್ದದ್ದು 64-ಬಿಟ್‌ನ 'ಎಎಂಡಿ64'. ನನ್ನ ಲ್ಯಾಪ್‌ಟಾಪಿನ ಮೇಲೆ ಇಂಟೆಲ್ ಸ್ಟಿಕ್ಕರ್ ಇದೆ, ಅರ್ಧ ಕಿತ್ತಿದೆ, ಆದರೂ ಓದಬಹುದು. ಇಂಟೆಲ್‌ನ ಎದುರಾಳಿ ಕಂಪನಿ ಎಎಂಡಿಯವರದ್ದು ನಮಗ್ಯಾಕೆ ಅಂತ ಇಷ್ಟು ವರ್ಷವೂ ಅದನ್ನು ಮುಟ್ಟಿರಲಿಲ್ಲ. ಐ ಅಂದರೆ ಇಂಟೆಲ್ ಅಲ್ವಾ? ಆ ಮಟ್ಟಿಗೆ ನಾನು ಸರಿಯಾಗೇ ಇದ್ದೆ. 386 ಅನ್ನುವುದು 1985ರ ಇಂಟೆಲ್ ಚಿಪ್ಪೇ.

ಖಚಿತ ಮಾಡಿಕೊಳ್ಳೋಣ ಅಂತ 'ಯುನೇಮ್ -ಎಂ' ಅನ್ನುವ ಕಮಾಂಡ್ ಹೊಡೆದೆ. ಐ686 ಅಂತು. ಮುಗೀತು, ಇದು 32-ಬಿಟ್ಟೇ.

"ಹೊಸ ಲ್ಯಾಪ್‌ಟಾಪ್ ತಗೋಬೇಕು ಕಣೇ."

"ಹೋದ ಸಲ ಮಿಕ್ಸಿಗೂ ಹೀಗೇ ಅಂದ್ರಿ. ಸ್ವಿಚ್ ಹಾಕಿರಲಿಲ್ಲ ಅಷ್ಟೆ."

ಸಕಲೇಶಪುರದಿಂದ ಬಂದಿದ್ದ ನಾದಿನಿ ಮಗ ಅಕ್ಕಿರೊಟ್ಟಿ ತಿನ್ನುತ್ತಾ ಎಡಗೈಯಲ್ಲೇ, ಚಿಪ್ಪಿನ ವಿವರ ಹೇಳುವ 'ಎಲ್‌ಎಸ್‌ಸಿಪಿಯು' ಅಂತ ಟೈಪ್ ಮಾಡಿದ. ಎರಡನೇ ಸಾಲಿನಲ್ಲೇ ಇತ್ತು: 32-ಬಿಟ್, 64-ಬಿಟ್. ಎರಡೂ!

"ದೊಡ್ಡಪ್ಪ, ಯುನೇಮ್ ಹೇಳೋದು ಈಗ ಓಡ್ತಿರೋ ಕರ್ನಲ್ ಯಾವುದು ಅಂತ. ನೀವೇ 32-ಬಿಟ್ ಹಾಕಿದ್ದೀರ, ಅದು ಪಾಪ ಇನ್ನೇನು ಹೇಳುತ್ತೆ?"

ಹಳೇ 32-ಬಿಟ್ ಪ್ರೋಗ್ರಾಮೂ ಓಡುವ ಹಾಗೆ 64-ಬಿಟ್ ವಿನ್ಯಾಸ ಮಾಡಿ, 2003ರಲ್ಲಿ ಮೊದಲು ಚಿಪ್ ಬಿಟ್ಟವರು ಎಎಂಡಿಯವರಂತೆ. ಇಂಟೆಲ್‌ನವರೂ ಆಮೇಲೆ ಅದೇ ದಾರಿಗೆ ಬಂದರು. ಹೆಸರು ಮಾತ್ರ ಹಾಗೇ ಉಳೀತು. ನನಗೆ ಒಪ್ಪಲು ಮನಸ್ಸೇ ಬರಲಿಲ್ಲ. 64-ಬಿಟ್ ಮೆಷಿನ್ನನ್ನು 16 ವರ್ಷ ಸುಮ್ನೆ 32ರಲ್ಲಿ ಓಡಿಸಿದ್ದೀನಿ ಅಂತ ಯಾರು ತಾನೇ ಒಪ್ಪುತ್ತಾರೆ?

"ಎಎಂಡಿ ಅಂತ ಬರೆದಿರೋದು ಇಂಟೆಲ್‌ಗೆ ಹೆಂಗಯ್ಯಾ ಆಗುತ್ತೆ?"

ಒಳಗಿಂದ ಒಗ್ಗರಣೆ ಚಟಪಟ ಅಂದ ಸದ್ದಿನ ಜೊತೆಗೇ ಉತ್ತರ ಬಂತು. "ಹಾರ್ಲಿಕ್ಸ್ ಡಬ್ಬದಿಂದ ಸಾಸಿವೆ ತೆಗೆದುಕೊಡುವಾಗ ನೀವು ಒಂದಿನಾನೂ ಕೇಳಿಲ್ಲವಲ್ಲ!"

32ರಿಂದ 64ಕ್ಕೆ ಸುಮ್ನೆ ಅಪ್‌ಗ್ರೇಡ್ ಅಂತ ಹಾರುವುದು ತಲೆನೋವಿನ ಕೆಲಸ, ಹೊಸದಾಗೇ ಹಾಕುವುದು ವಾಸಿ ಅಂದ ಹುಡುಗ. ಪೆನ್‌ಡ್ರೈವ್‌ಗೆ ಫೋಟೊ ಎಲ್ಲಾ ತುಂಬಿಕೊಂಡೆ. ಡಿಸ್ಕ್ ಅಳಿಸಿ ಅರ್ಧ ಆಗಿತ್ತು, ಕರೆಂಟ್ ಹೋಯಿತು. ಬ್ಯಾಟರಿ ಸತ್ತು ಯಾವ ಕಾಲವಾಯಿತೋ. ರಾತ್ರಿ ಕರೆಂಟ್ ಬಂದ ಮೇಲೆ ಮೊದಲಿಂದ ಶುರು ಮಾಡಿ, ಹನ್ನೊಂದೂವರೆಗೆ 'ಯುನೇಮ್ -ಎಂ' ಹೊಡೆದರೆ ಎಕ್ಸ್86_64 ಅಂತು, ಅಂದರೆ 64-ಬಿಟ್ಟೇ. ಖುಷಿಗೆ ಹುಡುಗನನ್ನು ಎಬ್ಬಿಸಿ ತೋರಿಸಿದೆ.

ಆಮೇಲೆ ಫೋಟೊ ವಾಪಸ್ ಹಾಕುವಾಗ ನೆನಪಾಯಿತು. ಚೀಟಿ ಲೆಕ್ಕ ಬೇರೆ ಫೋಲ್ಡರಿನಲ್ಲಿತ್ತು. ಮುಂದಿನ ಚೀಟಿ ಐದನೇ ತಾರೀಕು. ಅವಳಿನ್ನೂ ಕೇಳಿಲ್ಲ, ನಾನೂ ಹೇಳಿಲ್ಲ.