ಗೆಲ್ಲುವ ಮೊದಲೇ ಅಚ್ಚಾದ ಪದಕ

ಇಲ್ಲದ ಗೆಲುವಿಗೂ ಪದಕ ಅಚ್ಚು ಹಾಕಿಸಿದವರಿದ್ದಾರೆ. 1741ರಲ್ಲಿ ಬ್ರಿಟಿಷ್ ಅಡ್ಮಿರಲ್ ಎಡ್ವರ್ಡ್ ವೆರ್ನನ್ ಇಂದಿನ ಕೊಲಂಬಿಯಾದಲ್ಲಿರುವ, ಆಗ ಸ್ಪೇನಿನ ಕೈಲಿದ್ದ ಬಂದರು ಊರು ಕಾರ್ಟಹೇನಾಕ್ಕೆ ಮುತ್ತಿಗೆ ಹಾಕಿದ್ದ. ಬಂದರಿನ ಬಾಯಲ್ಲಿದ್ದ ಕೋಟೆ ಕೈಗೆ ಸಿಕ್ಕಿದ್ದೇ ತಡ, ಇನ್ನೇನು ಗೆದ್ದೆವು ಅನ್ನುವ ಧಾಟಿಯಲ್ಲಿ ಲಂಡನ್ನಿಗೆ ಪತ್ರ ಕಳಿಸಿದ. ಅಲ್ಲಿ ಅಗ್ಗದ ಹಿತ್ತಾಳೆ ಪದಕಗಳು ತಯಾರಾದವು. ಅವುಗಳಲ್ಲಿ ಸ್ಪೇನಿನ ನೌಕಾ ಸೇನಾನಿ ಬ್ಲಾಸ್ ದೆ ಲೆಸೊ ವೆರ್ನನ್ ಮುಂದೆ ಮಂಡಿಯೂರಿದ್ದಾನೆ. ಆದರೆ ಊರು ಬೀಳಲೇ ಇಲ್ಲ. ಸಾವಿರಾರು ಜನ ಕಾಯಿಲೆಯಿಂದ ಸತ್ತು, ಹಡಗುಗಳು ಬರಿಗೈಲಿ ವಾಪಸಾದವು. ಇನ್ನೊಂದು ತಮಾಷೆ ಕೇಳಿ: ಲೆಸೊಗೆ ಎಡಗಾಲೇ ಇರಲಿಲ್ಲ, ಪದಕದಲ್ಲಿ ಎರಡೂ ಕಾಲು ನೆಟ್ಟಗಿವೆ!

ನನಗಂತೂ ಫ್ರಾನ್ಸಿನ 14ನೇ ಲೂಯಿಯ ಚೆಂದದ ಪದಕಗಳಿಗಿಂತ ಈ ಹಿತ್ತಾಳೆ ಸುಳ್ಳೇ ಇಷ್ಟ. ಯಾಕಂದ್ರೆ ಸುಲಭವಾಗಿ ಸಿಕ್ಕಿಬೀಳುತ್ತದೆ. ಲೂಯಿ ಹಾಗಲ್ಲ. ಯಾವ ಘಟನೆಗೆ ಪದಕ, ಅದರ ಮೇಲೆ ಯಾವ ಲ್ಯಾಟಿನ್ ಸಾಲು ಎಂದು ತೀರ್ಮಾನಿಸಲು ವಿದ್ವಾಂಸರ ಒಂದು ಸಮಿತಿಯನ್ನೇ ಇಟ್ಟಿದ್ದ. 1685ರಲ್ಲಿ ಪ್ರೊಟೆಸ್ಟೆಂಟರ ಆರಾಧನೆಯ ಹಕ್ಕು ಕಿತ್ತುಕೊಂಡದ್ದಕ್ಕೂ ಪದಕ ಬಂತು: 'ಪಾಷಂಡ ಮತ ನಂದಿತು' ಅಂತ. ದೇಶ ಬಿಟ್ಟು ಓಡಿದ ಲಕ್ಷಕ್ಕೂ ಹೆಚ್ಚು ಜನರ ಸುದ್ದಿ ಅದರಲ್ಲಿಲ್ಲ.

ಇವೆಲ್ಲ ಸುಮ್ನೆ ಶೋಕಿ ಅಂದುಕೊಳ್ಳಬೇಡಿ. 1672ರಲ್ಲಿ ಡಚ್ಚರ ಮೇಲೆ ಯುದ್ಧ ಸಾರಿದಾಗ, ಇಂಗ್ಲೆಂಡಿನ 2ನೇ ಚಾರ್ಲ್ಸ್ ಕೊಟ್ಟ ಕಾರಣಗಳಲ್ಲಿ ತನ್ನನ್ನು ಅವಮಾನಿಸುವ ಡಚ್ ಚಿತ್ರ, ಪದಕಗಳೂ ಇದ್ದವು. ನೆಪ ಇರಬಹುದು. ಆದರೂ ಅಂಗೈ ಅಗಲದ ಲೋಹ ರಾಜನಿಗೆ ಅಷ್ಟು ಚುಚ್ಚಿತ್ತಲ್ವಾ!

ಈ ಚಾಳಿ ನಮ್ಮ ಶ್ರೀರಂಗಪಟ್ಟಣಕ್ಕೂ ಬಂತು. ಟಿಪ್ಪು ಬಿದ್ದ 1799ರ ಮೇ 4ರ ನೆನಪಿಗೆ ಈಸ್ಟ್ ಇಂಡಿಯಾ ಕಂಪನಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಪದಕ ಮಾಡಿಸಿತು. ಕೆತ್ತಿದವನು ಕೂಕ್ಲರ್. ಒಂದು ಬದಿ ಕೋಟೆಯ ಒಡಕಿಗೆ ನುಗ್ಗುವ ಸೈನಿಕರು, ಇನ್ನೊಂದು ಬದಿ ಹುಲಿಯನ್ನು ಕೆಡವಿದ ಬ್ರಿಟಿಷ್ ಸಿಂಹ. ಮೇಲಿನ ಬಾವುಟದಲ್ಲಿ 'ಅಸದುಲ್ಲಾ ಅಲ್-ಗಾಲಿಬ್', ದೇವರ ಸಿಂಹವೇ ಗೆಲ್ಲುವುದು. ಟಿಪ್ಪು ತನ್ನ ಆಯುಧಗಳ ಮೇಲೆ ಹಾಕಿಸುತ್ತಿದ್ದ ಸಾಲು ಅದು! ಸೋತವನ ಮಾತನ್ನೂ ಕಿತ್ತುಕೊಂಡು ತಮ್ಮ ಸಿಂಹಕ್ಕೆ ಕಟ್ಟಿದರು. ಕುತಂತ್ರ ಅನ್ನಿ, ಆದರೆ ಎಂಥ ಕಲೆಗಾರಿಕೆ!

ಅದಕ್ಕೇ ಮ್ಯೂಸಿಯಂಗಳು ಪದಕದ ಪಕ್ಕ ಲೋಹ, ಅಳತೆ, ವರ್ಷ ಬರೆದು ಕೈತೊಳೆದುಕೊಂಡರೆ ನನಗೆ ಸಿಟ್ಟು ಬರುತ್ತದೆ. ಯಾರ ದುಡ್ಡು, ಯಾರಿಗೆ ಹಂಚಿದರು ಅಂತಲೂ ಬರೆಯಲಿ. ಶ್ರೀರಂಗಪಟ್ಟಣದ್ದಕ್ಕೆ ಒಂದೇ ಸಾಲು ಸಾಕು: ದುಡ್ಡು ಕಂಪನಿಯದು, ದೊಡ್ಡ ಅಧಿಕಾರಿಗಳಿಗೆ ಚಿನ್ನ, ಸಿಪಾಯಿಗಳಿಗೆ ತವರ.