ನೋಟಿಲ್ಲದೆ ಬದುಕುವುದು: ಪರ ಮತ್ತು ವಿರೋಧ

ಕೊಡುವುದು, ಕೊಳ್ಳುವುದು, ಸಾಲ ತೀರಿಸುವುದು, ಮನೆಗೆ ಹಣ ಕಳುಹಿಸುವುದು ಎಲ್ಲವನ್ನೂ ಫೋನು ಮತ್ತು ಕಾರ್ಡುಗಳ ಮೂಲಕವೇ ನಡೆಸಿ, ನೋಟು ನಾಣ್ಯಗಳನ್ನು ಪೂರ್ತಿಯಾಗಿ ಬಿಟ್ಟು ಬದುಕುವುದು ಇಂದು ಹಲವು ದೇಶಗಳಲ್ಲಿ ಸಾಧ್ಯವಾಗಿದೆ. ಸಾಧ್ಯವಾದದ್ದು ಯೋಗ್ಯವೂ ಹೌದೆ ಎಂಬುದು ಇಲ್ಲಿನ ಪ್ರಶ್ನೆ. ಒಬ್ಬರು ಪರವಾಗಿ, ಇನ್ನೊಬ್ಬರು ವಿರೋಧವಾಗಿ ಬರೆದ ಎರಡು ಲೇಖನಗಳು ಮುಂದಿವೆ.

ಪರ: ಲೆಕ್ಕ ಉಳಿಯುವ ಹಣ

ನಗದಿನ ಪರವಾಗಿ ವಾದಿಸುವವರು ಸಾಮಾನ್ಯವಾಗಿ ಅದನ್ನು ಖರ್ಚೇ ಇಲ್ಲದ ಸಾಧನವೆಂದು ಎಣಿಸಿರುತ್ತಾರೆ. ಕಾರ್ಡು ಉಜ್ಜಿದರೆ ವ್ಯಾಪಾರಿಗೆ ಶುಲ್ಕ ಬೀಳುತ್ತದೆ, ನೋಟು ಕೊಟ್ಟರೆ ಬೀಳುವುದಿಲ್ಲ ಎಂಬುದು ಅವರ ಲೆಕ್ಕ. ಆದರೆ ನೋಟನ್ನು ಮುದ್ರಿಸಬೇಕು, ಕಾವಲಿನ ವಾಹನದಲ್ಲಿ ಸಾಗಿಸಬೇಕು, ಯಂತ್ರಗಳಿಗೆ ತುಂಬಬೇಕು, ದಿನದ ಕೊನೆಯಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಎಣಿಸಬೇಕು, ಎಣಿಸಿದ್ದನ್ನು ಬ್ಯಾಂಕಿಗೆ ಕಟ್ಟಿ ಬರಲು ಒಬ್ಬರನ್ನು ಕಳುಹಿಸಬೇಕು, ಹರಿದದ್ದನ್ನೂ ಖೋಟಾ ಎನಿಸಿದ್ದನ್ನೂ ಬೇರೆ ಮಾಡಬೇಕು. ಈ ವೆಚ್ಚವೆಲ್ಲ ಸರಕಿನ ಬೆಲೆಯೊಳಗೆ ಕರಗಿಹೋಗುವುದರಿಂದ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಶುಲ್ಕವನ್ನಾದರೂ ಕಾನೂನಿನಿಂದ ತಗ್ಗಿಸಬಹುದು. ಐರೋಪ್ಯ ಒಕ್ಕೂಟವು 2015ರಲ್ಲಿ ಬ್ಯಾಂಕುಗಳು ಪರಸ್ಪರ ವಿಧಿಸುವ ಕಾರ್ಡ್ ಶುಲ್ಕವನ್ನು ಡೆಬಿಟ್‌ಗೆ ಶೇ 0.2ಕ್ಕೂ ಕ್ರೆಡಿಟ್‌ಗೆ ಶೇ 0.3ಕ್ಕೂ ಮಿತಿಗೊಳಿಸಿತು, ಭಾರತವು 2020ರ ಜನವರಿಯಿಂದ ಯುಪಿಐ ಪಾವತಿಗೆ ವ್ಯಾಪಾರಿಯಿಂದ ಶುಲ್ಕ ಪಡೆಯುವುದನ್ನೇ ನಿಲ್ಲಿಸಿತು. ನೋಟು ಎಣಿಸುತ್ತ ಕಳೆಯುವ ಸಂಜೆಗಳನ್ನು ತಗ್ಗಿಸುವ ಕಾನೂನು ಯಾವ ದೇಶದಲ್ಲೂ ಇಲ್ಲ.

ಇನ್ನು, ಡಿಜಿಟಲ್ ಪಾವತಿ ಉಳ್ಳವರ ಅನುಕೂಲ, ನಗದು ಬಡವರ ಆಸರೆ ಎಂಬ ಮಾತನ್ನು ಕೀನ್ಯಾದ ಅನುಭವದ ಮುಂದಿಟ್ಟು ನೋಡಬೇಕು. ಅಲ್ಲಿ 2007ರ ಮಾರ್ಚ್‌ನಲ್ಲಿ ಫೋನಿನ ಮೂಲಕ ಹಣ ಕಳುಹಿಸುವ ಎಂ-ಪೆಸಾ ಸೇವೆ ಆರಂಭವಾಗುವ ಮೊದಲು, ನಗರದಲ್ಲಿ ದುಡಿಯುವವರು ಊರಿನ ಮನೆಗೆ ಹಣ ಕಳುಹಿಸಬೇಕಾದರೆ ಲಕೋಟೆಯನ್ನು ಬಸ್ ಚಾಲಕರ ಕೈಗೋ ಊರಿಗೆ ಹೊರಟ ಪರಿಚಯದವರ ಕೈಗೋ ಕೊಟ್ಟು, ಅದು ತಲುಪಲಿ ಎಂದು ಹಾರೈಸುತ್ತಿದ್ದರು. ಎಂ-ಪೆಸಾಗೆ ಸ್ಮಾರ್ಟ್‌ಫೋನ್ ಬೇಕಿರಲಿಲ್ಲ. ಸಿಮ್ ಕಾರ್ಡಿನಲ್ಲೇ ಅಡಕವಾಗಿದ್ದ ಆಯ್ಕೆಗಳ ಪಟ್ಟಿಯಿಂದ ಸಾದಾ ಫೋನಿನಲ್ಲೂ ಅದು ನಡೆಯುತ್ತಿತ್ತು. ತವ್ನೀತ್ ಸೂರಿ ಮತ್ತು ವಿಲಿಯಂ ಜ್ಯಾಕ್ ಎಂಬ ಅರ್ಥಶಾಸ್ತ್ರಜ್ಞರು 2016ರಲ್ಲಿ ಪ್ರಕಟಿಸಿದ ಅಧ್ಯಯನವು, ಈ ಸೇವೆಯಿಂದ ಸುಮಾರು 1,94,000 ಕುಟುಂಬಗಳು, ಎಂದರೆ ದೇಶದ ಶೇ 2ರಷ್ಟು ಕುಟುಂಬಗಳು, ಕಡುಬಡತನದಿಂದ ಹೊರಬಂದವು ಎಂದು ಅಂದಾಜಿಸಿತು. ಕಾರಣ ಸರಳವಾದದ್ದು. ಬೆಳೆ ಕೈಕೊಟ್ಟಾಗ ಅಥವಾ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಾಗ ದೂರದ ಬಂಧು ಅದೇ ದಿನ ನೆರವಾಗಬಲ್ಲವನಾದರೆ, ಆ ಮನೆ ದನವನ್ನೋ ಬಿತ್ತನೆಯ ಬೀಜವನ್ನೋ ಮಾರಿಕೊಳ್ಳಬೇಕಾಗುವುದಿಲ್ಲ. ಅಧ್ಯಯನದಲ್ಲಿ ಕಂಡ ಲಾಭ ಹೆಚ್ಚಾಗಿ ಮಹಿಳೆಯರೇ ಯಜಮಾನಿಯರಾಗಿದ್ದ ಮನೆಗಳದ್ದು ಎಂಬುದನ್ನೂ ಗಮನಿಸಬೇಕು.

ನಗದು ಅನೇಕ ಕೈಗಳನ್ನು ದಾಟಿ ಬರುತ್ತದೆ, ಮತ್ತು ದಾಟುವ ಪ್ರತಿ ಕೈಯಲ್ಲೂ ಸ್ವಲ್ಪ ಸೋರುತ್ತದೆ. ಅಫ್ಘಾನಿಸ್ತಾನದಲ್ಲಿ 2009ರಲ್ಲಿ ಕೆಲವು ಪೊಲೀಸರ ಸಂಬಳವನ್ನು ಪ್ರಾಯೋಗಿಕವಾಗಿ ಫೋನಿನ ಮೂಲಕ ಪಾವತಿಸಿದಾಗ, ಅವರಲ್ಲಿ ಅನೇಕರು ತಮಗೆ ಸಂಬಳ ಹೆಚ್ಚಾಗಿದೆ ಎಂದೇ ಭಾವಿಸಿದರು. ಹೆಚ್ಚಾಗಿದ್ದುದು ಏನೂ ಇರಲಿಲ್ಲ. ಅಲ್ಲಿಯವರೆಗೆ ಮೇಲಧಿಕಾರಿಗಳು ಕಂತೆಯಿಂದ ತೆಗೆದುಕೊಳ್ಳುತ್ತಿದ್ದ ಪಾಲು ನಿಂತಿತ್ತು. ದಾಖಲೆಯಿರುವ ಹಣವೆಂದರೆ ದುರ್ಬಲನಿಗೆ ಸಾಕ್ಷಿ. ಕೂಲಿ ಕೊಟ್ಟಿದ್ದೇನೆ ಎಂದು ಮಾಲೀಕ ಹೇಳಿದಾಗ, ಬಾಡಿಗೆ ಬಂದಿಲ್ಲ ಎಂದು ಮನೆಯ ಒಡೆಯ ದಬಾಯಿಸಿದಾಗ, ನೋಟಿನಲ್ಲಿ ವ್ಯವಹರಿಸಿದವನ ಬಳಿ ತೋರಿಸಲು ಏನೂ ಇರುವುದಿಲ್ಲ.

ಅಪರಾಧದ ಮಾತೂ ಇದೆ. ಅಮೆರಿಕದಲ್ಲಿ ಬಡವರಿಗೆ ಸರ್ಕಾರ ಕೊಡುತ್ತಿದ್ದ ನೆರವು 1990ರ ದಶಕದಲ್ಲಿ ಕಾಗದದ ಚೆಕ್ಕುಗಳಿಂದ ಕಾರ್ಡಿಗೆ ಬದಲಾಯಿತು. ಚೆಕ್ಕನ್ನು ನಗದಾಗಿಸಿಕೊಂಡು ಬೀದಿಗಿಳಿದವರು ಕಳ್ಳರಿಗೆ ಸುಲಭವಾದ ಗುರಿಯಾಗುತ್ತಿದ್ದರು. ಮಿಸೌರಿ ರಾಜ್ಯದ ಕೌಂಟಿಗಳು (ಜಿಲ್ಲೆಗಳು) ಹಂತಹಂತವಾಗಿ ಕಾರ್ಡಿಗೆ ಬದಲಾದುದನ್ನು ಪರಿಶೀಲಿಸಿದ ಸಂಶೋಧಕರು, ಆ ಬದಲಾವಣೆಯಿಂದ ಒಟ್ಟು ಅಪರಾಧಗಳು ಶೇ 9.8ರಷ್ಟು ಇಳಿದವೆಂದು ಕಂಡುಕೊಂಡರು. ಸ್ವೀಡನ್ನಿನ ಬ್ಯಾಂಕುಗಳ ಸಂಘದ ಲೆಕ್ಕದಂತೆ ಅಲ್ಲಿ 2008ರಲ್ಲಿ 110ರಷ್ಟಿದ್ದ ಬ್ಯಾಂಕ್ ದರೋಡೆಗಳು 2011ರಲ್ಲಿ 16ಕ್ಕೆ ಇಳಿದವು. ದೊಡ್ಡ ಮುಖಬೆಲೆಯ ನೋಟುಗಳು ಯಾರ ಕೆಲಸಕ್ಕೆ ಬರುತ್ತವೆ ಎಂಬುದನ್ನು ಐರೋಪ್ಯ ಕೇಂದ್ರ ಬ್ಯಾಂಕೂ ಒಪ್ಪಿಕೊಂಡಿತು. ಅಕ್ರಮ ಚಟುವಟಿಕೆಗೆ ನೆರವಾಗಬಹುದೆಂಬ ಕಾರಣದಿಂದಲೇ 500 ಯೂರೋ ನೋಟಿನ ಮುದ್ರಣವನ್ನು ನಿಲ್ಲಿಸಲು ಅದು 2016ರಲ್ಲಿ ತೀರ್ಮಾನಿಸಿತು. (ಒಂದು ರಾತ್ರಿಯಲ್ಲಿ ನೋಟುಗಳನ್ನು ಅಮಾನ್ಯಗೊಳಿಸುವುದು ಬೇರೆಯದೇ ವಿಷಯ. ಜನರಿಂದ ನಗದನ್ನು ಕಿತ್ತುಕೊಳ್ಳುವುದಕ್ಕೂ ಜನರು ತಾವಾಗಿ ಅದನ್ನು ಬಿಡುವುದಕ್ಕೂ ಇರುವ ಅಂತರವನ್ನು ಮರೆಸಿ ನಡೆಸುವ ವಾದಕ್ಕೆ ನನ್ನಲ್ಲಿ ಉತ್ತರವಿಲ್ಲ, ಉತ್ತರಿಸುವ ಅಗತ್ಯವೂ ಇಲ್ಲ.)

ಗೋಪ್ಯತೆಯ ಆಕ್ಷೇಪ ಗಂಭೀರವಾದದ್ದು, ಆದರೆ ಅದು ಡಿಜಿಟಲ್ ಹಣದ ಹುಟ್ಟುಗುಣವೇನೂ ಅಲ್ಲ. ಕೊಟ್ಟವರು ಯಾರೆಂದು ಬ್ಯಾಂಕಿಗೂ ತಿಳಿಯದಂತೆ ಡಿಜಿಟಲ್ ಹಣವನ್ನು ಪಾವತಿಸುವ ಗಣಿತವನ್ನು ಗೂಢಲಿಪಿ ತಜ್ಞ ಡೇವಿಡ್ ಚೌಮ್ 1980ರ ದಶಕದ ಆರಂಭದಲ್ಲೇ ರೂಪಿಸಿದ್ದರು. ಅವರು ಕಟ್ಟಿದ ಡಿಜಿಕ್ಯಾಶ್ ಕಂಪನಿ 1998ರಲ್ಲಿ ದಿವಾಳಿಯಾದುದು ಗಣಿತದ ದೋಷದಿಂದಲ್ಲ, ಸಾಕಷ್ಟು ಬ್ಯಾಂಕುಗಳೂ ಗ್ರಾಹಕರೂ ಅದರ ಕಡೆಗೆ ಬರದುದರಿಂದ. ನಾವು ಕೇಳಿದರೆ ಅಂಥ ವ್ಯವಸ್ಥೆ ಬರಬಹುದು. ಕೇಳದೆ, ನೋಟನ್ನು ಎದೆಗವಚಿಕೊಂಡು ಕುಳಿತರೆ ಬರುವುದಿಲ್ಲ. ವೃದ್ಧರಿಗೂ ಅಂಗವಿಕಲರಿಗೂ ನಗದೇ ಸುಲಭವೆಂಬ ಮಾತೂ ಪೂರ್ತಿ ನಿಜವಲ್ಲ. ಅಮೆರಿಕದ ಡಾಲರ್ ನೋಟುಗಳೆಲ್ಲ ಒಂದೇ ಅಳತೆಯವು. ಇದು ಅಂಧರ ಬಗ್ಗೆ ತಾರತಮ್ಯವೆಂದು 2008ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯವೇ ಹೇಳಬೇಕಾಯಿತು. ಮೊತ್ತವನ್ನು ಗಟ್ಟಿಯಾಗಿ ಓದಿ ಹೇಳುವ ಫೋನು, ಕೈಗೆ ಬಂದ ನೋಟು ಎಷ್ಟರದ್ದೆಂದು ಎದುರಿನವರನ್ನೇ ಕೇಳಿ ನಂಬಬೇಕಾದ ಆ ಸ್ಥಿತಿಗಿಂತ ಎಷ್ಟೋ ಮೇಲು.

ವಿರೋಧ: ಮೂರನೆಯವನ ಒಪ್ಪಿಗೆ

ನಾನೂ ಬಹುತೇಕ ಪಾವತಿಗಳನ್ನು ಫೋನಿನಲ್ಲೇ ಮಾಡುತ್ತೇನೆ. ಎಂ-ಪೆಸಾದ ಉಪಕಾರವನ್ನು ನಿರಾಕರಿಸುವುದೂ ನನ್ನ ಉದ್ದೇಶವಲ್ಲ. ಹಾಗೆ ನೋಡಿದರೆ, ಎಂ-ಪೆಸಾ ಬೆಳೆದದ್ದೇ ಫೋನಿನಲ್ಲಿದ್ದ ಹಣವನ್ನು ನೋಟಾಗಿಸಿ ಕೊಡುತ್ತಿದ್ದ ಸಾವಿರಾರು ಏಜೆಂಟರ ಬಲದಿಂದ. ಡಿಜಿಟಲ್ ಪಾವತಿ ಇರಬೇಕೆ ಎಂಬುದು ಇಲ್ಲಿ ಚರ್ಚೆಯ ವಿಷಯವೇ ಅಲ್ಲ. ಅದೊಂದೇ ಉಳಿಯಬೇಕೆ, ಕೊನೆಯ ನೋಟನ್ನೂ ಬಿಟ್ಟುಬಿಡಬಹುದೆ ಎಂಬುದು ವಿಷಯ.

ನಗದು ವ್ಯವಹಾರ ಇಬ್ಬರ ನಡುವೆಯೇ ಮುಗಿಯುತ್ತದೆ. ನೋಟು ಕೈ ಬದಲಾಯಿಸಿದ ಕ್ಷಣಕ್ಕೆ ಋಣ ತೀರುತ್ತದೆ. ಯಾರನ್ನೂ ಕೇಳಬೇಕಾಗಿಲ್ಲ, ಯಾರಿಗೂ ತಿಳಿಸಬೇಕಾಗಿಲ್ಲ. ಡಿಜಿಟಲ್ ಪಾವತಿಯಲ್ಲಾದರೋ ಕೊಡುವವನ ಬ್ಯಾಂಕು, ಪಡೆಯುವವನ ಬ್ಯಾಂಕು, ಇಬ್ಬರನ್ನೂ ಬೆಸೆಯುವ ಜಾಲ, ಆ್ಯಪ್ ನಡೆಸುವ ಕಂಪನಿ, ದೂರವಾಣಿ ಸಂಸ್ಥೆ, ವಿದ್ಯುತ್ ಪೂರೈಸುವವರು, ಇವರೆಲ್ಲರೂ ಆ ಕ್ಷಣದಲ್ಲಿ ಹೂಂಗುಟ್ಟಬೇಕು. ಒಬ್ಬರು ಉಹುಂ ಎಂದರೂ ಕೊಳ್ಳುವವನ ಹಣ ಹಣವಾಗಿ ಉಳಿಯುವುದಿಲ್ಲ. ನಗದನ್ನು ಪೂರ್ತಿ ಬಿಟ್ಟವನು ತನ್ನ ಪ್ರತಿಯೊಂದು ಖರೀದಿಗೂ ಇಷ್ಟು ಜನರ ಒಪ್ಪಿಗೆಯನ್ನು ಮುಂಚಿತವಾಗಿ ಬೇಡುವ ಸ್ಥಿತಿಗೆ ತನ್ನನ್ನು ತಾನೇ ತಂದುಕೊಂಡಿರುತ್ತಾನೆ.

ಈ ಒಪ್ಪಿಗೆ ತಪ್ಪುವುದು ಅಪರೂಪದ ಕಲ್ಪನೆಯೇನಲ್ಲ. 2018ರ ಜೂನ್ 1ರಂದು ಕಾರ್ಡ್ ಪಾವತಿಗಳ ಜಾಲ ನಡೆಸುವ ವೀಸಾ ಕಂಪನಿಯ ಒಂದು ದತ್ತಾಂಶ ಕೇಂದ್ರದಲ್ಲಿ ಜಾಲದ ಒಂದು ಸ್ವಿಚ್ ಅರೆಬರೆಯಾಗಿ ಕೆಟ್ಟಾಗ ಯುರೋಪಿನಾದ್ಯಂತ 52 ಲಕ್ಷ ಪಾವತಿಗಳು ವಿಫಲವಾದವು. 2022ರ ಜುಲೈ 8ರಂದು ಕೆನಡಾದ ರೋಜರ್ಸ್ ದೂರಸಂಪರ್ಕ ಜಾಲ ಸ್ಥಗಿತಗೊಂಡಾಗ ಆ ದೇಶದ ಇಂಟರ್‍ಯಾಕ್ ಡೆಬಿಟ್ ವ್ಯವಸ್ಥೆಯೂ ಅದರೊಂದಿಗೆ ಕುಸಿಯಿತು. ರೋಜರ್ಸ್ ಗ್ರಾಹಕರಲ್ಲದವರ ಕಾರ್ಡುಗಳೂ ಆ ದಿನ ಪ್ಲಾಸ್ಟಿಕ್ ತುಂಡುಗಳಾಗಿದ್ದವು. 2025ರ ಏಪ್ರಿಲ್ 28ರಂದು ಸ್ಪೇನ್ ಮತ್ತು ಪೋರ್ಚುಗಲ್ಲಿನಲ್ಲಿ ವಿದ್ಯುತ್ ಹೋದಾಗ, ಜೇಬಿನಲ್ಲಿ ನೋಟಿದ್ದವರು ನೀರು, ಬ್ಯಾಟರಿ, ರೇಡಿಯೊಗಳನ್ನು ಕೊಂಡರು. ಇಲ್ಲದವರು ಖಾತೆಯಲ್ಲಿ ಎಷ್ಟಿದ್ದರೂ ಕೊಳ್ಳಲಾರದೆ ನಿಂತರು. ಜ್ವಾಲಾಮುಖಿಯಿಂದ 2022ರ ಜನವರಿಯಲ್ಲಿ ಸಮುದ್ರದಡಿಯ ಕೇಬಲ್ ತುಂಡಾದ ಟೊಂಗಾ ದ್ವೀಪರಾಷ್ಟ್ರದಲ್ಲಿ ಅದು ಸರಿಯಾಗಲು ಹಿಡಿದದ್ದು ಗಂಟೆಗಳಲ್ಲ, ವಾರಗಳು.

ನಗದುರಹಿತ ಬದುಕಿಗೆ ಎಲ್ಲರೂ ಬೆರಳು ತೋರಿಸುವುದು ಸ್ವೀಡನ್ನಿನ ಕಡೆಗೆ. ಯುರೋಪಿನ ಮೊದಲ ಬ್ಯಾಂಕ್ ನೋಟುಗಳು 1661ರಲ್ಲಿ ಹೊರಬಂದದ್ದು ಅಲ್ಲಿಯೇ, ನೋಟನ್ನು ಬಿಡುವುದರಲ್ಲಿ ಎಲ್ಲರಿಗಿಂತ ಮುಂದೆ ಹೋದದ್ದೂ ಅದೇ ದೇಶ. ಆದರೆ ಅಷ್ಟು ದೂರ ಹೋದವರು ಈಗ ಏನು ಮಾಡುತ್ತಿದ್ದಾರೆ? 2018ರಲ್ಲಿ ಸ್ವೀಡನ್ನಿನ ಸರ್ಕಾರಿ ಸಂಸ್ಥೆಯೊಂದು, ಯುದ್ಧ ಅಥವಾ ವಿಪತ್ತು ಬಂದರೆ ಹೇಗೆ ಸಿದ್ಧರಿರಬೇಕೆಂದು ತಿಳಿಸುವ ಕಿರುಹೊತ್ತಗೆಯನ್ನು ದೇಶದ ಎಲ್ಲ ಮನೆಗಳಿಗೂ ಕಳುಹಿಸಿತು. ಮನೆಯಲ್ಲಿ ಇಟ್ಟುಕೊಳ್ಳಬೇಕಾದ ವಸ್ತುಗಳಲ್ಲಿ ಸಣ್ಣ ಮುಖಬೆಲೆಯ ನೋಟುಗಳೂ ಇದ್ದವು. ದೊಡ್ಡ ಬ್ಯಾಂಕುಗಳು ನಗದಿನ ಸೇವೆಯನ್ನು ಕೊಡಲೇಬೇಕೆಂಬ ಕಾನೂನು ಅಲ್ಲಿ 2021ರಲ್ಲಿ ಜಾರಿಗೆ ಬಂತು. ಪಕ್ಕದ ನಾರ್ವೆ, ಅಂಗಡಿಗಳಲ್ಲಿ ನಗದು ಕೊಡುವ ಗ್ರಾಹಕರ ಹಕ್ಕನ್ನು 2024ರಲ್ಲಿ ಬಿಗಿಗೊಳಿಸಿತು. ಇವರಾರೂ ತಂತ್ರಜ್ಞಾನಕ್ಕೆ ಹೆದರುವವರಲ್ಲ.

ಕೆಟ್ಟುಹೋಗುವ ಯಂತ್ರಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಸರಿಯಾಗಿ ಕೆಲಸ ಮಾಡುವ ಯಂತ್ರ. 2010ರ ಡಿಸೆಂಬರ್‌ನಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ಮತ್ತು ಪೇಪಾಲ್ ಕಂಪನಿಗಳು ಸರ್ಕಾರಗಳ ಗುಪ್ತ ದಾಖಲೆಗಳನ್ನು ಪ್ರಕಟಿಸುತ್ತಿದ್ದ ವಿಕಿಲೀಕ್ಸ್‌ಗೆ ಹಣ ಹೋಗುವ ದಾರಿಯನ್ನು ಮುಚ್ಚಿದವು. ಆಗ ಆ ಸಂಸ್ಥೆಯ ಮೇಲೆ ಯಾವ ನ್ಯಾಯಾಲಯದ ತೀರ್ಪೂ ಇರಲಿಲ್ಲ. 2022ರ ಫೆಬ್ರವರಿಯಲ್ಲಿ ಕೆನಡಾ ಸರ್ಕಾರ, ಟ್ರಕ್ ಚಾಲಕರ ಪ್ರತಿಭಟನೆಯನ್ನು ಹತ್ತಿಕ್ಕಲು ತುರ್ತುಪರಿಸ್ಥಿತಿ ಕಾಯ್ದೆಯನ್ನು ಬಳಸಿದಾಗ, ನ್ಯಾಯಾಲಯದ ಆದೇಶವಿಲ್ಲದೆಯೇ ಬ್ಯಾಂಕುಗಳು ಇನ್ನೂರಕ್ಕೂ ಹೆಚ್ಚು ಖಾತೆಗಳನ್ನು ತಡೆಹಿಡಿದವು. ಆ ಪ್ರತಿಭಟನೆಯ ಬಗ್ಗೆ ನಮ್ಮ ಅಭಿಪ್ರಾಯ ಏನೇ ಇರಲಿ. ಖಾತೆಗಳೇನೋ ಕೆಲವೇ ದಿನಗಳಲ್ಲಿ ತೆರೆದವು. ಆದರೆ ಆ ಕಾಯ್ದೆಯನ್ನು ಬಳಸಿದ್ದು ಸಮಂಜಸವಾಗಿರಲಿಲ್ಲವೆಂದು ಫೆಡರಲ್ ನ್ಯಾಯಾಲಯ ಹೇಳಿದ್ದು 2024ರ ಜನವರಿಯಲ್ಲಿ. ಅಧಿಕಾರದಲ್ಲಿರುವವರು ಇಂದು ನಮಗೆ ಒಪ್ಪಿಗೆಯಾದವರೇ ಇರಬಹುದು, ನಾಳೆಯ ಮಾತನ್ನು ಯಾರು ಬಲ್ಲರು?

ಈ ಅಧಿಕಾರ ಮನೆಯೊಳಗೂ ಇದೆ. ಗಂಡನ ಹೊಡೆತದಿಂದ ತಪ್ಪಿಸಿಕೊಳ್ಳಲು ಸಿದ್ಧಳಾಗುವ ಹೆಂಗಸು, ತಿಂಗಳುಗಟ್ಟಲೆ ಖರ್ಚಿನಲ್ಲಿ ಉಳಿಸಿ ಬಟ್ಟೆಗಳ ಮಡಿಕೆಯಲ್ಲಿ ಬಚ್ಚಿಟ್ಟ ನೋಟುಗಳನ್ನೇ ನೆಚ್ಚಿಕೊಂಡಿರುತ್ತಾಳೆ. ಅವಳ ಫೋನನ್ನು ಗಂಡ ತೆರೆದು ನೋಡಬಲ್ಲ, ಜಂಟಿ ಖಾತೆಯ ಪಟ್ಟಿಯನ್ನು ಓದಬಲ್ಲ, ಅವಳು ಕೊಂಡ ಪ್ರಯಾಣದ ಟಿಕೆಟ್ಟಿನ ಸಂದೇಶ ಅವನಿಗೇ ಮೊದಲು ಬರಬಹುದು. ದಾಖಲೆಯೆಂದರೆ ದುರ್ಬಲನಿಗೆ ಸಾಕ್ಷಿ ಎಂದು ಎದುರಿನ ಲೇಖನ ಹೇಳುತ್ತದೆ, ಸರಿ. ಆದರೆ ಆ ದಾಖಲೆಯನ್ನು ಓದುವವನು ಅವಳಿಗಿಂತ ಬಲಿಷ್ಠನಾಗಿದ್ದರೆ ಅದೇ ದಾಖಲೆ ಬೇಲಿಯಾಗುತ್ತದೆ. ಚೌಮ್ ಅವರ ಗಣಿತದ ಆಶ್ವಾಸನೆಯೂ ನನಗೆ ನೆಮ್ಮದಿ ತರುವುದಿಲ್ಲ. ಅದು ಹುಟ್ಟಿ ನಲವತ್ತು ವರ್ಷ ದಾಟಿದರೂ, ಇಂದು ಕೋಟ್ಯಂತರ ಜನರು ಬಳಸುವ ಪಾವತಿ ವ್ಯವಸ್ಥೆಗಳಲ್ಲಿ ಒಂದೂ ಅದನ್ನು ಅಳವಡಿಸಿಕೊಂಡಿಲ್ಲ, ಏಕೆಂದರೆ ಗ್ರಾಹಕರ ದಾಖಲೆಯೇ ಅನೇಕ ಕಂಪನಿಗಳ ಬಂಡವಾಳ.

ಖರ್ಚಿನ ಮೇಲಿನ ಹತೋಟಿಯ ಬಗ್ಗೆ ಒಂದು ಮಾತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಡ್ರಾಜೆನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕ್ರೀಡಾ ಟಿಕೆಟ್ಟುಗಳ ಹರಾಜಿನಲ್ಲಿ ನಗದು ಕೊಡಬೇಕಾಗಿದ್ದವರಿಗಿಂತ ಕ್ರೆಡಿಟ್ ಕಾರ್ಡು ಬಳಸಬಹುದಾಗಿದ್ದವರು ಎರಡು ಪಟ್ಟಿನಷ್ಟು ಕೂಗಿದರು. ಜೇಬಿನಿಂದ ಹೊರಡುವ ನೋಟು ಕೈಗೆ ಸ್ವಲ್ಪ ನೋವು ಕೊಡುತ್ತದೆ, ಮತ್ತು ಕೈ ಬಿಗಿಯಾಗಿರುವ ಮನೆಗಳಿಗೆ ಆ ನೋವೇ ಆಯವ್ಯಯದ ಲೆಕ್ಕ. ಬ್ರಿಟನ್ನಿನಲ್ಲಿ ನಗದಿನ ಲಭ್ಯತೆಯನ್ನು ಕುರಿತ 2019ರ ಸ್ವತಂತ್ರ ಪರಿಶೀಲನೆಯು, ನಗದಿಲ್ಲದ ಸಮಾಜದಲ್ಲಿ 80 ಲಕ್ಷಕ್ಕೂ ಹೆಚ್ಚು ವಯಸ್ಕರು ಬದುಕಲು ಪರದಾಡುತ್ತಾರೆಂದು ಹೇಳಿತು. ಅಲ್ಲಿ ಬಡತನವೇ ನಗದಿನ ಅವಲಂಬನೆಯ ದೊಡ್ಡ ಸೂಚಕವಾಗಿತ್ತು, ವಯಸ್ಸಲ್ಲ. ವಿಶ್ವಬ್ಯಾಂಕಿನ 2025ರ ವರದಿಯ ಪ್ರಕಾರ ಜಗತ್ತಿನಲ್ಲಿ ಇನ್ನೂ 130 ಕೋಟಿ ವಯಸ್ಕರಿಗೆ ಯಾವ ಖಾತೆಯೂ ಇಲ್ಲ. ಕಾರ್ಡನ್ನಷ್ಟೇ ಸ್ವೀಕರಿಸುವ ಅಂಗಡಿಗಳನ್ನು ಫಿಲಡೆಲ್ಫಿಯಾ 2019ರಲ್ಲಿ, ನ್ಯೂಯಾರ್ಕ್ ನಗರ 2020ರಲ್ಲಿ ನಿಷೇಧಿಸಿದ್ದು ಇಂಥವರನ್ನು ನೆನೆದೇ.

ದರೋಡೆ ಇಳಿದ ಲೆಕ್ಕ ನಿಜವೇ ಇರಬಹುದು. ಆದರೆ ಬೀದಿಯ ಕಳ್ಳ ಹೆಚ್ಚೆಂದರೆ ಜೇಬಿನಲ್ಲಿದ್ದುದನ್ನು ಒಯ್ಯುತ್ತಾನೆ. ದೂರದೇಶದಲ್ಲಿ ಕುಳಿತು ಫೋನು ಮಾಡುವವನು ಒಂದು ಗುಪ್ತಸಂಖ್ಯೆಯ ಮೂಲಕ ಜೀವಮಾನದ ಉಳಿತಾಯವನ್ನೇ ಒಯ್ಯುತ್ತಾನೆ.

ಜನರ ನಡವಳಿಕೆಯನ್ನೂ ನೋಡಬೇಕು. ಭಾರತದಲ್ಲಿ 2023-24ರ ಒಂದೇ ವರ್ಷದಲ್ಲಿ ಯುಪಿಐ ಮೂಲಕ 13,000 ಕೋಟಿಗೂ ಹೆಚ್ಚು ಪಾವತಿಗಳು ನಡೆದವು. ಅದೇ ಅವಧಿಯ ಕೊನೆಗೆ ಚಲಾವಣೆಯಲ್ಲಿದ್ದ ನಗದು ಸುಮಾರು 35 ಲಕ್ಷ ಕೋಟಿ ರೂಪಾಯಿ, ಎಂದರೆ 2016ರ ನೋಟು ಅಮಾನ್ಯೀಕರಣದ ಮುನ್ನ ಇದ್ದ 18 ಲಕ್ಷ ಕೋಟಿಯ ಸುಮಾರು ಇಮ್ಮಡಿ. ಈ ಏರಿಕೆಯಲ್ಲಿ ಒಂದು ಪಾಲು ಬೆಲೆಯೇರಿಕೆಯದು, ಇನ್ನೊಂದು ಪಾಲು ಆರ್ಥಿಕತೆಯ ಬೆಳವಣಿಗೆಯದು. ಆದರೂ ದಿನದ ಖರ್ಚನ್ನು ಫೋನಿಗೆ ಒಪ್ಪಿಸಿದ ಜನ ಆಪತ್ತಿನ ಗಂಟನ್ನು ಅದಕ್ಕೆ ಒಪ್ಪಿಸಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಹೀಗೆ ಗಂಟನ್ನು ಇಟ್ಟುಕೊಂಡವರಿಗೂ ಒಂದು ಅಪಾಯವಿದೆ. ನೋಟು ಸಾಗಿಸುವ ವಾಹನ, ಯಂತ್ರ, ಬ್ಯಾಂಕಿನ ಕಿಟಕಿ ಇವುಗಳ ಖರ್ಚು ಬಳಕೆ ಕಡಿಮೆಯಾದಷ್ಟೂ ಕಡಿಮೆಯಾಗುವಂಥದ್ದಲ್ಲ. ಬಳಸುವವರು ಕಡಿಮೆಯಾದಂತೆ ಪ್ರತಿ ನೋಟಿನ ಮೇಲೆ ಅದರ ಹೊರೆ ಏರುತ್ತ ಹೋಗುತ್ತದೆ, ಹೊರೆ ಏರಿದಂತೆ ಬ್ಯಾಂಕುಗಳು ಒಂದೊಂದೇ ಕಿಟಕಿಯನ್ನು ಮುಚ್ಚುತ್ತವೆ. ನಗದು ಬೇಡವೆಂದು ಯಾರೂ ಕಾನೂನು ಮಾಡದಿದ್ದರೂ ಅದು ಹೀಗೆಯೇ ಇಲ್ಲವಾಗಬಹುದು. ಆಗ ಜಾಲ ಕುಸಿದ ದಿನ ಕೊಳ್ಳುವವನ ಕೈಯಲ್ಲಿ ನೋಟಿದ್ದರೂ, ಅದನ್ನು ಮರುದಿನ ಎಲ್ಲಿ ಕಟ್ಟಬೇಕೆಂದು ತಿಳಿಯದ ಅಂಗಡಿಯವನು ಅದನ್ನು ಮುಟ್ಟುವುದಿಲ್ಲ.